ಕೆರೆ ಏರಿಯ ಸುರಕ್ಷತೆ ಕುರಿತು ಪುರಸಭೆಗೆ ನಿವಾಸಿಗಳ ಮನವಿ

ಇವರಿಗೆ,
ಮುಖ್ಯಾಧಿಕಾರಿಗಳು, ಪುರಸಭೆ

ಮಾನ್ಯರೇ,

ವಿಷಯ: ತೂಬಿನ ಪಕ್ಕ ಬಗ್ಗಡದ ನೀರು ಒಸರುತ್ತಿರುವುದರಿಂದ ಮಳೆಗಾಲಕ್ಕೆ ಮುನ್ನ ಏರಿಯನ್ನು ಪರಿಶೀಲಿಸಿ ದುರಸ್ತಿ ಮಾಡಿಸುವ ಬಗ್ಗೆ.

ಕೆರೆ ಏರಿಯ ಕೆಳಗಿನ ಬಡಾವಣೆಯ ನಿವಾಸಿಗಳಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಪುರಸಭೆಗೆ ಸೇರಿದ ಈ ಕೆರೆಯ ಮಣ್ಣಿನ ಏರಿಯಲ್ಲಿ ತೂಬಿನ ಎಡಗಡೆ ಎರಡು ವರ್ಷಗಳಿಂದ ಜಿನುಗುತ್ತಿದ್ದ ನೀರು ಕಳೆದ ಮಳೆಗಾಲದ ಕೊನೆಯಿಂದ ಕೆಂಪಗೆ ಬರುತ್ತಿದೆ. ಮಣ್ಣಿನ ಏರಿಯಲ್ಲಿ ಅಷ್ಟಿಷ್ಟು ಒಸರು ಸಹಜವೆಂಬುದನ್ನು ನಾವೂ ಬಲ್ಲೆವು. ತಿಳಿನೀರು ಬರುವವರೆಗೆ ನಾವು ದೂರಿರಲಿಲ್ಲ. ಬಗ್ಗಡ ಬರುತ್ತಿದೆಯೆಂದರೆ ಏರಿಯ ಒಡಲಿನ ಮಣ್ಣೇ ಕರಗಿ ಹೊರಬೀಳುತ್ತಿದೆ, ಕೆಳಬದಿಯಿಂದ ಕೆರೆಯ ಕಡೆಗೆ ಒಳಗೊಳಗೇ ಸುರಂಗ ಕೊರೆಯುತ್ತಿದೆ ಎಂದರ್ಥ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಕಟ್ಟೆ ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದು ಹಲವರು ಪ್ರಾಣ ಕಳೆದುಕೊಂಡರು. ನಮ್ಮ ಏರಿ ನಾಲ್ಕಾಳು ಎತ್ತರದ್ದಷ್ಟೇ ಆದರೂ ಅದರ ಬುಡಕ್ಕೂ ಮೊದಲ ಸಾಲಿನ ಮನೆಗಳಿಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ.

ಕಳೆದ ವರ್ಷ ಈ ಒಸರಿಗೆ ಸಿಮೆಂಟ್ ಬಳಿಸಲಾಯಿತು. ತಿಂಗಳೊಳಗೆ ನೀರು ನಾಲ್ಕು ಮಾರು ಆಚೆ ಬಾಯಿ ತೆರೆಯಿತು. ನೀರಿಗೆ ದಾರಿ ಬಿಟ್ಟು ಮಣ್ಣನ್ನು ಮಾತ್ರ ತಡೆಯುವಂತೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಮೇಲೆ ಕಲ್ಲಿನ ಭಾರ ಹೀಗೆ ಪದರಗಳನ್ನು ಹಾಸುವುದೇ ಇದಕ್ಕೆ ಸರಿಯಾದ ತುರ್ತು ಕ್ರಮ. ಶಾಶ್ವತ ದುರಸ್ತಿಯನ್ನು ಮಣ್ಣಿನ ಕಟ್ಟೆಯ ಅನುಭವವಿರುವ ಎಂಜಿನಿಯರರ ತಪಾಸಣೆಯ ನಂತರವೇ ಕೈಗೊಳ್ಳಬೇಕೆಂದು ಕೋರುತ್ತೇವೆ.

ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಸ್ಥಿತಿಯೂ ಅಷ್ಟೇ ಆತಂಕಕಾರಿಯಾಗಿದೆ. ಹೆಚ್ಚು ನೀರು ನಿಲ್ಲಲೆಂದು ಅದರ ಮೇಲೆ ಮರಳುಚೀಲಗಳನ್ನು ಪೇರಿಸಲಾಗಿದ್ದು, ಕೋಡಿ ಹಳ್ಳದಲ್ಲಿ ಜೊಂಡು ಮತ್ತು ಕಟ್ಟಡದ ತ್ಯಾಜ್ಯ ತುಂಬಿದೆ. ಈ ದಾರಿ ಕಟ್ಟಿಕೊಂಡರೆ ನೀರು ಏರಿಯ ಮೇಲಿಂದಲೇ ಹರಿಯಬಹುದು, ಮಣ್ಣಿನ ಏರಿ ತನ್ನ ಮೇಲಿಂದ ಹರಿಯುವ ನೀರನ್ನು ತಾಳಲಾರದು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟೆಯ ಮಣ್ಣಿನ ಭಾಗ ಕೊಚ್ಚಿಹೋಗಿ ಮೋರ್ಬಿ ಮುಳುಗಿದ್ದು ಹೀಗೆ ನೀರು ಮೇಲೇರಿ ಹರಿದದ್ದರಿಂದಲೇ. ಚೀಲಗಳನ್ನು ಈ ವಾರವೇ ತೆಗೆಸಿ, ದುರಸ್ತಿ ಮುಗಿಯುವವರೆಗೆ ತೂಬಿನ ಮೂಲಕ ನೀರಿನ ಮಟ್ಟವನ್ನು ನಿಧಾನವಾಗಿ ತಗ್ಗಿಸಬೇಕು. ಒಮ್ಮೆಲೇ ಇಳಿಸಿದರೆ ಏರಿಯ ಕೆರೆ ಕಡೆಯ ನೆನೆದ ಒಳಮೈ ಕುಸಿಯುವ ಅಪಾಯವಿದೆ. ಏರಿಯ ಜಾಲಿ ಗಿಡಗಳನ್ನು ಕೆರೆ ತುಂಬಿರುವಾಗ ಜೆಸಿಬಿಯಿಂದ ಬೇರುಸಹಿತ ಕೀಳಿಸಬಾರದೆಂದೂ ವಿನಂತಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ 10 ಮೀಟರಿಗಿಂತ ತಗ್ಗಿನ ಕಟ್ಟೆಗಳು ಬರುವುದಿಲ್ಲ. ಆದ್ದರಿಂದ ಈ ಏರಿಯನ್ನು ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಪುರಸಭೆಯದೇ ಆಗಿದೆ. ಹಿಂದೆ ನೀರುಗಂಟಿ ದಿನವೂ ಏರಿ ಸುತ್ತಿ ಹುತ್ತ, ಬಿಲ, ಬಿರುಕುಗಳನ್ನು ಕಂಡು ತಿಳಿಸುತ್ತಿದ್ದರು. ಈಗ ಆ ಕೆಲಸಕ್ಕೆ ಯಾರೂ ಇಲ್ಲ. ಮಳೆಗಾಲ ಮುಗಿಯುವವರೆಗಾದರೂ ಒಬ್ಬರನ್ನು ನೇಮಿಸಬೇಕೆಂದೂ, ತಪಾಸಣೆಯ ದಿನವನ್ನು ನಮಗೆ ಮುಂಚಿತವಾಗಿ ತಿಳಿಸಿದರೆ ಒಸರು ಕಂಡ ಜಾಗಗಳನ್ನು ನಾವೇ ಬಂದು ತೋರಿಸುವೆವೆಂದೂ ಅರಿಕೆ ಮಾಡಿಕೊಳ್ಳುತ್ತೇವೆ.

ತಮ್ಮ ವಿಶ್ವಾಸಿಗಳು,
ಏರಿ ಕೆಳಗಿನ ಬಡಾವಣೆಯ ನಿವಾಸಿಗಳು