ಮೊದಲು ಮೀಟರ್ ಬೋರ್ಡ್ ನೋಡು, ಆಮೇಲೆ ಕಾರು

ಗದಗ

ಚಿ. ಪುಟ್ಟಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಕರೆಂಟಿನ ಕಾರು ತಗೊಳ್ಳಬೇಕು, ಯಾವುದು ಛಲೋ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಕಾರು ಅನ್ನುವುದು ಆಮೇಲಿನ ಮಾತು. ಆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಯಾವ ಸಾಕೆಟ್ಟಿನಿಂದ ಚಾರ್ಜ್ ಆಗುತ್ತದೆ, ಅದು ಮೊದಲು ಗಟ್ಟಿಯಾಗಲಿ. 30 ವರ್ಷ ವೈರಿಂಗ್ ಮಾಡಿದ ಕೈ ನನ್ನದು, ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕಾರಿನ ಜೊತೆ ಕೊಡುವ ಸಣ್ಣ ಚಾರ್ಜರ್ 15 ಆಂಪ್ ಪ್ಲಗ್ಗಿನದು. ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಕೂಡ ಜಾಸ್ತಿ ಎಳೆಯುತ್ತದಲ್ಲ ಅಂತ ನೀನು ಕೇಳಬಹುದು. ಗೀಸರ್ ಕಾಲು ತಾಸು ನಡೆದು ನಿಲ್ಲುತ್ತದೆ. ಇದು ರಾತ್ರಿಯಿಡೀ 6-8 ತಾಸು ನಡೆಯುತ್ತದೆ. ಹಳೆಯ ಸಡಿಲ ಸಾಕೆಟ್ ಇದ್ದರೆ ಕಾದು ಕಾದು ಕರಗಿಯೇ ಬಿಡುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸು. ಅದಕ್ಕೇ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಹಾಕಿಸು. ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಚಾರ್ಜ್ ಮಾಡುವುದು ಒಂದು ದಿನಕ್ಕೂ ಬೇಡ. ಅಳಿಯಂದಿರಿಗೂ ಇದನ್ನು ಓದಿ ಹೇಳು.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ನೆಲಕ್ಕೆ ಇಳಿಯುವ ದಾರಿ. ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯ ಚಾರ್ಜರಿಗೆ ಕೆಂಪು ದೀಪ ಬಂತು. ಕಾರು ಕರೆಂಟೇ ತಗೊಳ್ಳಲಿಲ್ಲ. ಕೇಬಲ್ ನೋಡಿದೆ, ಪ್ಲಗ್ ಬದಲಿಸಿದೆ, ಏನೂ ಆಗಲಿಲ್ಲ. ಸಂಜೆ ಹೊತ್ತಿಗೆ ಹೊಳೆಯಿತು. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಗುಂಡಿಯ ಪೈಪಿನಿಂದ ಮಣ್ಣು ದೂರ ಸರಿದಿತ್ತು, ಒಣಗಿ ಕಲ್ಲಾಗಿತ್ತು. ಎರಡು ಕೊಡ ನೀರು ಸುರಿದೆ. ಅರ್ಧ ತಾಸಿಗೆ ಹಸಿರು ದೀಪ ಬಂತು! ಅರ್ಥ್ ಸರಿ ಇಲ್ಲದಿದ್ದರೆ ಈ ಚಾರ್ಜರುಗಳು ಶುರುವೇ ಆಗುವುದಿಲ್ಲ, ಅದು ನಮ್ಮ ಜೀವಕ್ಕೇ ಒಳ್ಳೆಯದು. ಆಮೇಲೆ ಗುಂಡಿ ಅಗೆಸಿ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿದೆ. ಈಗ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕುತ್ತೇನೆ. ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ ಅಂತಾದರೂ ಗೊತ್ತಾ ನಿನಗೆ? ಮಾಲೀಕರನ್ನು ಕೇಳು.

ಮಾಲೀಕರ ಹತ್ತಿರ ಇನ್ನೊಂದು ಕೆಲಸವೂ ಇದೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ಕರೆಂಟ್, ಎಷ್ಟಿದೆ ನೋಡು. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಸಾಲುವುದಿಲ್ಲ, ಹೆಸ್ಕಾಂಗೆ (ನಮ್ಮ ಕಡೆಯ ಕರೆಂಟ್ ಕಂಪನಿ) ಅರ್ಜಿ ಕೊಟ್ಟು ಏರಿಸಬೇಕು. ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಅವರ ಹೆಸರಿನಲ್ಲಿದೆ, ಅವರ ಸಹಿ ಇಲ್ಲದೆ ಆಗುವುದಿಲ್ಲ. ಬಾಡಿಗೆ ಮನೆಯಲ್ಲಿ ಇರುವವರು ಕಾರು ಬುಕ್ ಮಾಡಿದ ಮೇಲೆ ಇದನ್ನು ಕೇಳಲು ಹೋಗಬಾರದು.

200 ಯೂನಿಟ್‌ವರೆಗೆ ಪುಕ್ಕಟೆ ಕರೆಂಟ್ ಕೊಡುವ ಗೃಹಜ್ಯೋತಿಯ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ. ನೀನು ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬರುವುದು 40 ಕಿ.ಮೀ. ತಿಂಗಳಿಗೆ ಹತ್ತಿರ ಹತ್ತಿರ 1,000 ಕಿ.ಮೀ. ಸಣ್ಣ ಕಾರು ಒಂದು ಯೂನಿಟ್ಟಿಗೆ 6-7 ಕಿ.ಮೀ. ಓಡುತ್ತದೆ. ಅಂದರೆ 150 ಯೂನಿಟ್ ಕಾರಿಗೇ ಬೇಕು. ಮನೆಯದು 80 ಸೇರಿದರೆ 200 ದಾಟಿತು, ಪೂರ್ತಿ ಬಿಲ್ ನೀನೇ ಕಟ್ಟಬೇಕು. ಹಾಗಂತ ಹೆದರಬೇಡ. ಅಷ್ಟೇ ದೂರಕ್ಕೆ ಪೆಟ್ರೋಲ್ 60 ಲೀಟರ್ ಆದರೂ ಬೇಕು, 6,000 ರೂಪಾಯಿ ಮೇಲೆ ಹೋಗುತ್ತದೆ. ಉಳಿತಾಯ ಇದ್ದೇ ಇದೆ. ಇವಿ, ಅಂದರೆ ಕರೆಂಟಿನ ಗಾಡಿ, ಅದರ ಚಾರ್ಜಿಂಗಿಗೆ ಬೇರೆ ದರವೂ ಇದೆ. ಬೇರೆ ಮೀಟರ್ ಕೂರಿಸಿದರೆ ಲಾಭವಾ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸು.

ಈಗ ಕಾರಿನ ಮಾತು. ಶೋರೂಮಿನಲ್ಲಿ ಹೇಳುವ ಕಿ.ಮೀ. ನಂಬಿ ಕೂರಬೇಡ. 2020ರಲ್ಲಿ ಟಾಟಾದ ನೆಕ್ಸಾನ್ ಇವಿ ಬಂದಾಗ 312 ಕಿ.ಮೀ. ಅಂದಿದ್ದರು, ರಸ್ತೆಯಲ್ಲಿ ಓಡಿಸಿದವರಿಗೆ 200ರ ಆಸುಪಾಸು ಸಿಕ್ಕಿತು. ಮೂರನೇ ಒಂದು ಪಾಲು ಕಳೆದು ಲೆಕ್ಕ ಹಾಕು. ಆದರೂ ನಿನಗೆ ದೊಡ್ಡ ಬ್ಯಾಟರಿ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಧಾರವಾಡಕ್ಕೆ ದಿನಾ 40, ಗದಗಕ್ಕೆ ಬಂದು ಹೋಗಲು 120. ವರ್ಷಕ್ಕೊಮ್ಮೆ ಅಂಕೋಲೆಗೆ ಹೋಗುವುದಕ್ಕಾಗಿ ಸುಮ್ನೆ ಲಕ್ಷಗಟ್ಟಲೆ ಹೆಚ್ಚು ಕೊಡಬೇಕಾ? ಆ ದಾರಿಯ ಅರಬೈಲ್ ಘಟ್ಟ ಇಳಿಯುವಾಗ ಕಾರು ತಾನೇ ಸ್ವಲ್ಪ ಚಾರ್ಜ್ ತುಂಬಿಕೊಳ್ಳುತ್ತದೆ. ವಾಪಸ್ ಹತ್ತುವಾಗ ಮಾತ್ರ ಗಬಗಬ ತಿನ್ನುತ್ತದೆ. ಕೆಳಗೇ ಪೂರ್ತಿ ತುಂಬಿಸಿಕೊಂಡು ಹೊರಡಬೇಕು.

ಬೆಲೆಯನ್ನು ಪೆಟ್ರೋಲ್ ಕಾರಿನ ಜೊತೆ ಹೊಸದಾಗಿ ಹೋಲಿಸಿ ನೋಡು. ಇವಿಗೆ ಜಿಎಸ್‌ಟಿ 5% ಇದೆ. ಆದರೆ ಸಣ್ಣ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರಿನಲ್ಲಿ 28%ನಿಂದ 18%ಗೆ ಇಳಿದಿದೆ. ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ. ಬ್ಯಾಟರಿಯ ಶಕ್ತಿ ಎಷ್ಟು ಇಳಿದರೆ ಬದಲಿಸಿ ಕೊಡುತ್ತಾರೆ ಅನ್ನುವುದನ್ನು ಕಾಗದದಲ್ಲಿ ಓದು, ಬಾಯಿಮಾತು ಬೇಡ. ಪೂರ್ತಿ ತುಂಬಿಸಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸಬೇಡ. ದೀಪ, ಬಾಗಿಲ ಲಾಕಿಗೆ ಒಳಗೆ ಸಣ್ಣ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಗೆ ಬರುತ್ತೇನೆ. ಅರ್ಥ್ ಟೆಸ್ಟರ್ ತರುತ್ತೇನೆ. ಮಾಲೀಕರು ಮನೆಯಲ್ಲಿ ಇರುವ ಹಾಗೆ ನೋಡಿಕೋ, ಕರೆಂಟ್ ಬಿಲ್ ತೆಗೆದಿಡು. ಅಲ್ಲಿಯವರೆಗೆ ಬುಕಿಂಗ್ ದುಡ್ಡು ಕಟ್ಟಬೇಡ. ಕಾಕು ನಿನಗೆ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಅದನ್ನೂ ತರುತ್ತೇನೆ.

ನಿನ್ನ ಕಾಕಾ