ಎರಡು ಮಿಲಿಲೀಟರ್ ರಕ್ತ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನಗೆ ಫೋನಿನಲ್ಲೇ ತಿಳಿಯುತ್ತದೆ, ಅದನ್ನು ಬಿಡುತ್ತೇನೆ. ರಕ್ತದಲ್ಲಿನ ಬ್ಯಾಕ್ಟೀರಿಯಾ ಪತ್ತೆಹಚ್ಚಲು ನೀನು ಮಾಡುತ್ತಿರುವ ಸೆನ್ಸರಿನ ಬಗ್ಗೆ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, “ಬ್ಯಾಕ್ಟೀರಿಯಾ ಇದ್ದೂ ನನ್ನ ಸೆನ್ಸರ್ ಇಲ್ಲ ಎಂದುಬಿಟ್ಟರೆ?” ಎಂದು. ನಾಲ್ಕು ರಾತ್ರಿಯಿಂದ ಅದೇ ಸಾಲು ತಲೆಯಲ್ಲಿದೆ.

ಬಫರ್ ಎಂಬ ಶುದ್ಧ ಉಪ್ಪುನೀರಿನಂಥ ದ್ರಾವಣದಲ್ಲಿ ಚೆನ್ನಾಗಿ ಬಂದ ಸಿಗ್ನಲ್ ಸೀರಮ್‌ನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಮಂಕಾಯಿತು ಎಂದು ಕೊರಗಿದ್ದೀಯ. ಅದಕ್ಕೆ ನಾನು ಅಷ್ಟು ಹೆದರುವುದಿಲ್ಲ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಸಿಕ್ಕಲ್ಲೆಲ್ಲ ಅಂಟಿಕೊಳ್ಳುವ ಜಾತಿ. ಅದು ಸೆನ್ಸರಿನ ಚಿನ್ನದ ನ್ಯಾನೊಕಣಗಳ ಮೇಲೆ ಕುಳಿತರೆ ಎಲೆಕ್ಟ್ರಾನುಗಳಿಗೆ ದಾರಿ ಎಲ್ಲಿ? ಅಂಟದಂತೆ ಹೊದಿಕೆ ಕೊಡುವ ಉಪಾಯಗಳು ನಿನ್ನ ಮಾರ್ಗದರ್ಶಕರಿಗೆ ಗೊತ್ತಿರುತ್ತವೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಅಗಾರ್ ತಟ್ಟೆಗಳ ಕಾಲದವನು ನಾನು, ಹೆಚ್ಚು ಮಾತಾಡಿದರೆ ತಪ್ಪಾದೀತು.

ನನ್ನನ್ನು ಕಾಡುತ್ತಿರುವುದು ಸೆನ್ಸರಿನ ಮೇಲೆ ನೀನು ಹಾಕುವ ಹನಿ. 10 ಮೈಕ್ರೊಲೀಟರ್ ಎಂದಿದ್ದೀಯ, ಮಿಲಿಲೀಟರಿನ ನೂರರಲ್ಲಿ ಒಂದು ಪಾಲು. ರಕ್ತಸೋಂಕಿನಲ್ಲಿ ಎಷ್ಟೋ ಸಲ ಮಿಲಿಲೀಟರಿಗೆ ಒಂದೋ ಎರಡೋ ಬ್ಯಾಕ್ಟೀರಿಯಾ ಇರುತ್ತವೆ, ಅಷ್ಟೆ. ಒಂದೇ ಇದ್ದರೆ ಅಂಥ 100 ಹನಿಗಳಲ್ಲಿ 99 ಖಾಲಿ. ಸೆನ್ಸರಿನಲ್ಲಿ ಗ್ರಾಫೀನ್ ಹಾಳೆ ಇರಲಿ, ಬ್ಯಾಕ್ಟೀರಿಯಾ ಹಿಡಿಯುವ ಆಪ್ಟಮರ್ ಅಣು ಇರಲಿ, ಹನಿಯಲ್ಲೇ ಇಲ್ಲದ್ದನ್ನು ಯಾವುದು ಹಿಡಿದೀತು? ಸೆನ್ಸರ್ ಸುಳ್ಳು ಹೇಳಿದಂತಾಗುವುದಿಲ್ಲ, ನಿಜ. ಹಾಗೆಂದು ಆ ರೋಗಿಗೇನು ಸಮಾಧಾನ?

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬ್ಲಡ್ ಕಲ್ಚರ್ ಬಾಟಲಿ, ಅಂದರೆ ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಬಾಟಲಿ, ಬಂತು. 8ರಿಂದ 10 ಮಿಲಿಲೀಟರ್ ರಕ್ತ ಇರಬೇಕಾದ ಕಡೆ 2 ಇದ್ದೀತು. ಇನ್ನೊಮ್ಮೆ ತೆಗೆದು ಕಳಿಸಿ ಎಂದು ಕೇಳಲು ಸಂಕೋಚ. ಹಿರಿಯ ವೈದ್ಯರು, ಗದರಿದರೆ? ಎರಡು ಬೆಳಿಗ್ಗೆ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಅಡಿಯಲ್ಲಿ ಕೆಂಪು ಗಸಿ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. “ಬೆಳವಣಿಗೆ ಇಲ್ಲ” ಎಂದು ಬರೆದೆ. ಅದನ್ನು ನಂಬಿ ಔಷಧ ನಿಲ್ಲಿಸಿದರು. ನಾಲ್ಕನೆಯ ದಿನ ನೋಡಿದರೆ ತಿಳಿ ಕದಡಿಹೋಗಿತ್ತು, ಬ್ಯಾಕ್ಟೀರಿಯಾ ಬೆಳೆದಿದ್ದವು. ವಾರ್ಡಿಗೆ ಓಡಿದೆ. ಹಲಗೆಯ ಮೇಲಿದ್ದ ಹೆಸರನ್ನು ಆಗಲೇ ಅಳಿಸಿದ್ದರು. ಮನೆಗೆ ಹೋದರೇ, ಇಲ್ಲವೇ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳದೆ ಹಿಂತಿರುಗಿದೆ. ಇವತ್ತಿಗೂ ನನಗೆ ಗೊತ್ತಿಲ್ಲ.

ಅದಕ್ಕೇ ಕೇಳುತ್ತೇನೆ, ನಿನ್ನ ಯಂತ್ರ ‘ಇಲ್ಲ’ ಎಂದಾಗ ಎಷ್ಟು ರಕ್ತ ನೋಡಿ ಹೇಳಿದೆ ಎಂಬುದನ್ನೂ ಪಕ್ಕದಲ್ಲೇ ತೋರಿಸುವಂತೆ ಮಾಡಲು ಬಂದೀತೇ? ಬ್ಯಾಕ್ಟೀರಿಯಾಕ್ಕೆ ಅಂಟುವ ಪ್ರತಿಕಾಯ ಕಟ್ಟಿದ ಕಾಂತೀಯ ಕಣಗಳಿಂದ ಹಲವು ಮಿಲಿಲೀಟರ್ ರಕ್ತವನ್ನು ಜಾಲಾಡಿ, ಸಿಕ್ಕಿದ್ದನ್ನು ಸೆನ್ಸರಿನ ಎಲೆಕ್ಟ್ರೋಡಿಗೆ ತರುವ ಕ್ರಮವೂ ಇದೆಯಲ್ಲ. ಅಥವಾ ಮೊದಲು ಮೂತ್ರದಲ್ಲೇ ಪರೀಕ್ಷಿಸು. ಅಲ್ಲಿ ಸೋಂಕಿದ್ದರೆ ಮಿಲಿಲೀಟರಿಗೆ ಲಕ್ಷದ ಲೆಕ್ಕ ಸಾಮಾನ್ಯ, ನಿನ್ನ ಹನಿಯೊಂದಕ್ಕೇ ಸಾವಿರ ಬಂದಾವು. ಸಣ್ಣ ಗುರಿ ಎನ್ನಿಸಿದರೆ ಬೇಸರಿಸಬೇಡ, ಮುದುಕನ ಮಾತು.

ಆ ಬಾಟಲಿಯ ವಿಷಯ ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ. ಫೋನಿನಲ್ಲಿ ಎತ್ತಬೇಡ. ಹನಿಯ ಅಳತೆಗೆ ಏನು ಮಾಡಿದೆ ಎಂದು ಮಾತ್ರ ಬರೆ.

ನಿನ್ನ ದೊಡ್ಡಪ್ಪ