ಅಪ್ಪನ ಮೌನವನ್ನು ಕುರಿತು

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಪ್ಪನ ಮೆದುಳಿನ ಸ್ಕ್ಯಾನಿನ ವಿಚಾರವನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ ನೀನು ಬರೆದ "ಅಪ್ಪನಿಗೆ ನಮ್ಮ ಮೇಲಿನ ಅಕ್ಕರೆಯೇ ಹೋಗಿಬಿಟ್ಟಿದೆಯೇನೋ" ಎಂಬ ಮಾತು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ನಿನ್ನ ಅಜ್ಜಿಯ ಕೊನೆಯ ವರ್ಷಗಳಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಹಾಲಿನ ಲೆಕ್ಕ, ಅಡಿಕೆ ಕೊನೆ ಕೊಯ್ಲಿನ ಆಳುಗಳ ಕೂಲಿ ಎಲ್ಲವನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಅಮ್ಮ, ಜಗಲಿಯ ಕಂಬಕ್ಕೆ ಒರಗಿ ಕುಳಿತರೆ ಏಳುತ್ತಲೇ ಇರಲಿಲ್ಲ. ಮೊಮ್ಮಕ್ಕಳು ಬಂದರೂ "ಬಂದಿರಾ" ಎಂದು ಸುಮ್ಮನಾಗುತ್ತಿದ್ದಳು. ಹಳೆಯ ಸಂಗತಿ ಕೇಳಿದರೆ ತಡವಾಗಿಯಾದರೂ ಸರಿಯಾಗಿ ಹೇಳುತ್ತಿದ್ದುದರಿಂದ ಇದು ಮರೆವಲ್ಲ, ಹಟ ಎಂದುಕೊಂಡೆ. ಒಮ್ಮೆ ಒಗ್ಗರಣೆ ಇಟ್ಟು, ಮುಂದೇನೆಂದು ತೋಚದೆ ನಿಂತಿದ್ದವಳನ್ನು ಆಳುಗಳ ಎದುರೇ ಗದರಿದೆ. ಅವಳು ಸೌಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

ಡಾಕ್ಟರೊಬ್ಬರು ತಿಳಿಸಿ ಹೇಳಿದ್ದು ಬಹಳ ತಡವಾಗಿ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟೇ ಇರುವ ಮೆದುಳಿಗೆ, ಹೃದಯ ಹೊರಹಾಕುವ ರಕ್ತದಲ್ಲಿ ನೂರಕ್ಕೆ 15ರಿಂದ 20 ಪಾಲು ಬೇಕು. ಬಿ.ಪಿ. ವರ್ಷಗಟ್ಟಲೆ ಹೆಚ್ಚಿದ್ದರೆ ಮೆದುಳಿನ ಆಳದ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ ಅಲ್ಲಿಗೆ ರಕ್ತ ಸಾಲದಾಗುತ್ತದೆ. ಮೆದುಳಿನ ಮುಂಭಾಗವನ್ನು ಉಳಿದ ಭಾಗಗಳಿಗೆ ಜೋಡಿಸುವ ಎಳೆಗಳು ಅಲ್ಲಿಯೇ ಹಾದುಹೋಗುವುದರಿಂದ, ಅನೇಕರಲ್ಲಿ ನೆನಪಿಗಿಂತ ಮೊದಲು ಒಂದು ಕೆಲಸವನ್ನು ತಾನಾಗಿ ಆರಂಭಿಸಿ ಮುಗಿಸುವ ಶಕ್ತಿ ಕುಂದುತ್ತದೆ. ಅಕ್ಕರೆ ಒಳಗೇ ಇರುತ್ತದೆ ಮಗಳೇ, ಅದನ್ನು ಮಾತಿಗೆ ತರುವ ಚೈತನ್ಯ ಸೋತಿರುತ್ತದೆ. ಅಮ್ಮನ ಬಿ.ಪಿ. ಮಾತ್ರೆಯನ್ನು "ಈಗ ಆರಾಮಾಗಿದ್ದಾಳಲ್ಲ" ಎಂದು ನಿಲ್ಲಿಸಿದವನು ನಾನೇ.

ಅಂಥವನು ನಿನಗೆ ಏನು ಹೇಳಲಿ? ಅಪ್ಪ "ಊಟವಾಯಿತೇ" ಎಂದು ಕೇಳದಿದ್ದರೆ ನೀನೇ ಪಕ್ಕದಲ್ಲಿ ಕುಳಿತು ಕೇಳು. ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೂ ಕಾದಿರು. ಮಾತ್ರೆ ತಪ್ಪದಿರಲಿ. ಬಿ.ಪಿ. ವಿಪರೀತ ಇಳಿದರೂ ಮೆದುಳಿಗೆ ತೊಂದರೆಯಂತೆ, ಆದ್ದರಿಂದ ಎದ್ದು ನಿಂತಾಗ ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ, ಬೆಳಗಾಗಲಿ ಎಂದು ಕಾಯಬೇಡ. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಇವು ನಿನಗೆ ಗೊತ್ತಿರಲೂಬಹುದು.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಅಜ್ಜಿ ಹೋಗುವ ಹಿಂದಿನ ಮಳೆಗಾಲದಲ್ಲಿ, ತೋಟದಿಂದ ಬಂದು ಅವಳ ಪಕ್ಕದಲ್ಲಿ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಬಾಗಿ, ಉಂಬಳ ಕಚ್ಚಿದ್ದ ನನ್ನ ಕಾಲಿನ ರಕ್ತವನ್ನು ಸೆರಗಿನಿಂದ ಒರೆಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ದೀಪಾವಳಿಗೆ ಕಾಯದೆ ಮುಂದಿನ ವಾರವೇ ಹೊರಟು ಬರುತ್ತೇನೆ. ನಿನ್ನ ಅಪ್ಪನಿಗೆ ಈಗಲೇ ಹೇಳಿಡು: ಅವನು ನನ್ನೊಡನೆ ಮಾತಾಡದಿದ್ದರೂ ನಾನು ಬೇಸರಿಸುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ